ದಾಸವಾಳ ತುಂಬ ಹೂ ಬಿಡಬೇಕಾದರೆ: ಸಸಿ ನೆಡುವುದರಿಂದ ಕೊಂಬೆ ಸವರುವವರೆಗೆ

‘ಗಿಡ ಸೊಂಪಾಗಿದೆ, ಎಲೆಯೆಲ್ಲ ಹಸಿರು, ಹೂ ಮಾತ್ರ ಇಲ್ಲ.’ ‘ಮೊಗ್ಗು ಬರುತ್ತದೆ, ಅರಳುವ ಮುನ್ನವೇ ಉದುರಿಬಿಡುತ್ತದೆ.’ ‘ಎಲೆ ಹಳದಿಯಾಗುತ್ತಿದೆ, ಏನು ಗೊಬ್ಬರ ಹಾಕಲಿ?’ ದಾಸವಾಳದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಈ ಮೂರೇ. ಮೂರಕ್ಕೂ ಒಟ್ಟಿಗೆ ಇಲ್ಲಿ ಉತ್ತರಿಸುತ್ತೇನೆ. ಆದರೆ ಅದಕ್ಕೆ ಮೊದಲು ಗಿಡದ ಒಂದು ಸ್ವಭಾವ ನಿಮಗೆ ಗೊತ್ತಿರಬೇಕು.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಎಳೆಯ ಕೊಂಬೆ ಬೆಳೆಯುತ್ತ ಹೋದಂತೆ ಅದರ ತುದಿಯ ಕಡೆಯ ಎಲೆಗಳ ಕಂಕುಳಲ್ಲಿ, ಅಂದರೆ ಎಲೆತೊಟ್ಟು ಕೊಂಬೆಗೆ ಸೇರುವ ಸಂದಿನಲ್ಲಿ, ಒಂದೊಂದೇ ಮೊಗ್ಗು ಮೂಡುತ್ತದೆ. ಬಲಿತು ಕಂದು ಬಣ್ಣಕ್ಕೆ ತಿರುಗಿದ ಹಳೆಯ ಕೊಂಬೆಯಲ್ಲಿ ಮೊಗ್ಗು ಹುಡುಕಿ ಪ್ರಯೋಜನವಿಲ್ಲ. ಒಂದು ಹೂವಿನ ಆಯುಸ್ಸು ಸಾಮಾನ್ಯವಾಗಿ ಒಂದೇ ದಿನ; ಕೆಲವು ಮಿಶ್ರತಳಿಗಳಲ್ಲಿ ಎರಡು, ಅಪರೂಪಕ್ಕೆ ಮೂರು ದಿನ. ಹಾಗಾಗಿ ಗಿಡದಲ್ಲಿ ದಿನವೂ ಹೂ ಕಾಣಬೇಕಾದರೆ ಹೊಸ ಚಿಗುರು ಬರುತ್ತಲೇ ಇರಬೇಕು. ಬಿಸಿಲು, ನೀರು, ಗೊಬ್ಬರ, ಕತ್ತರಿ, ಕೀಟ ಎಲ್ಲವನ್ನೂ ‘ಇದರಿಂದ ಚಿಗುರಿಗೆ ಏನಾಗುತ್ತದೆ’ ಎಂಬ ಒಂದೇ ಪ್ರಶ್ನೆಯಿಂದ ಅಳೆದು ನೋಡಿ. ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ನಿತ್ಯಹಸಿರಾದ ಸಾಮಾನ್ಯ ದಾಸವಾಳಕ್ಕೆ, ಸಸ್ಯಶಾಸ್ತ್ರದ ಹೆಸರಿನಲ್ಲಿ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್ ಎಂಬ ಜಾತಿಗೆ ಅನ್ವಯಿಸುತ್ತದೆ. ಇದು ಹಿಮವನ್ನು ತಾಳುವುದಿಲ್ಲ. ಚಳಿಗೆ ಎಲೆ ಉದುರಿಸಿ, ವಸಂತದಲ್ಲಿ ಮತ್ತೆ ಚಿಗುರುವ ಹೈಬಿಸ್ಕಸ್ ಸಿರಿಯಾಕಸ್ ಬೇರೆಯೇ ಜಾತಿ. ಹಿಮ ಬೀಳುವ ಊರುಗಳಲ್ಲಿ ಅಂಗಳದಲ್ಲಿ ಬದುಕುವುದು ಅದು. ಎರಡರ ಆರೈಕೆಯನ್ನೂ ಬೆರೆಸಿ ಬರೆದ ಸಲಹೆಗಳು ಬೇಕಾದಷ್ಟಿವೆ. ನಿಮ್ಮಲ್ಲಿರುವುದು ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ.

ಏನೇನು ಬೇಕು

ಒಂದು ಆರೋಗ್ಯವಂತ ಸಸಿ, ತಳದಲ್ಲಿ ತೂತುಗಳಿರುವ ಕುಂಡ ಅಥವಾ ನೀರು ನಿಲ್ಲದ ನೆಲ, ತೋಟದ ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ದಪ್ಪ ಮರಳು, ಹರಿತವಾದ ಕತ್ತರಿ, ಬೇವಿನ ಎಣ್ಣೆ, ನೀರು ಚಿಮುಕಿಸುವ ಬಾಟಲಿ. ಇವಿಷ್ಟಿದ್ದರೆ ಸಾಕು. ಬಣ್ಣಬಣ್ಣದ ಪೊಟ್ಟಣಗಳಲ್ಲಿ ಬರುವ ‘ಹೂವಿನ ಟಾನಿಕ್’ಗಳನ್ನು ಸದ್ಯಕ್ಕೆ ಮರೆತುಬಿಡಿ.

1. ಸಸಿಯ ಆಯ್ಕೆ

ನರ್ಸರಿಗೆ ಹೋದಾಗ ಕಣ್ಣು ಮೊದಲು ಹೂವಿನ ಮೇಲೆ ಬೀಳುತ್ತದೆ. ನೀವು ಎಲೆ ಮಗುಚಿ ಅಡಿಭಾಗ ನೋಡಿ. ಬಿಳಿ ಹತ್ತಿಯಂಥ ಮುದ್ದೆ, ಅಂಟು ಅಂಟಾದ ಹೊಳಪು, ಸಣ್ಣ ಬಲೆ ಕಂಡರೆ ಆ ಗಿಡ ಬೇಡ. ಕುಂಡದ ತೂತಿನಿಂದ ಬೇರು ಇಣುಕುತ್ತಿದ್ದರೆ ದೋಷವಲ್ಲ, ಆದರೆ ಬೇಗ ಕುಂಡ ಬದಲಿಸಬೇಕಾಗುತ್ತದೆ.

ಮೊಣಕಾಲೆತ್ತರವೂ ಇಲ್ಲದ ಗಿಡದ ತುಂಬ ಹೂ ಇದ್ದರೆ ಅದನ್ನು ಕುಳ್ಳಾಗಿಡಲು ಬೆಳವಣಿಗೆ ತಡೆಯುವ ಔಷಧ ಬಳಸಿರುವ ಸಾಧ್ಯತೆಯುಂಟು. ಕೆಲವು ತಿಂಗಳ ನಂತರ ಅದರ ಪ್ರಭಾವ ಇಳಿದು ಗಿಡ ಉದ್ದುದ್ದ ಬೆಳೆಯತೊಡಗುತ್ತದೆ. ಗಿಡಕ್ಕೇನೋ ಆಯಿತೆಂದು ಆಗ ಗಾಬರಿಪಡಬೇಡಿ. ಅದರ ಸಹಜ ನಡವಳಿಕೆಯೇ ಅದು.

ಕಸಿ ಗಿಡವಾದರೆ ಬುಡದ ಬಳಿ ಕಸಿಗಂಟು ಕಾಣುತ್ತದೆ. ಒಂದು ತಳಿಯ ಬೇರಿನ ಮೇಲೆ ಇನ್ನೊಂದರ ಕೊಂಬೆ ಕೂಡಿಸಿದ ಜಾಗ ಅದು. ಗಂಟಿನ ಕೆಳಗಿನಿಂದ ಹೊರಟ ಚಿಗುರನ್ನೆಲ್ಲ ಕಂಡಾಗಲೇ ಮುರಿದುಹಾಕಿ. ಬಿಟ್ಟರೆ ಬೇರಿನ ತಳಿಯೇ ಬಲಿತು, ನೀವು ಇಷ್ಟಪಟ್ಟು ತಂದ ಹೂ ಕಾಣೆಯಾಗುತ್ತದೆ.

2. ಜಾಗ: ಇಲ್ಲಿ ರಾಜಿ ಬೇಡ

ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು ಬೇಕು. ‘ಬೆಳಕು ಚೆನ್ನಾಗಿ ಬರುತ್ತದೆ’ ಎನ್ನುವುದು ಬೇರೆ, ಎಲೆಯ ಮೇಲೆ ಬಿಸಿಲು ಬೀಳುವುದು ಬೇರೆ. ಸೊಂಪಾದ ಎಲೆ, ಹೂವಿಲ್ಲದ ಗಿಡ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ನೆರಳೇ. ನೆರಳಿನಲ್ಲಿ ಎಲೆ ದೊಡ್ಡದಾಗಿ, ಕಡುಹಸಿರಾಗಿ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಾಗಿ ಗಿಡ ನೋಡಲು ಪುಷ್ಟಿಯಾಗಿಯೇ ಇರುತ್ತದೆ. ಮೋಸ ಹೋಗುವುದು ಅಲ್ಲೇ. ಗೆಣ್ಣು ಎಂದರೆ ಎಲೆ ಹೊರಡುವ ಗಂಟು. ಗೆಣ್ಣುಗಳು ಒತ್ತೊತ್ತಾಗಿದ್ದರೆ ಬಿಸಿಲು ಸಾಕಾಗಿದೆ ಎಂದರ್ಥ.

ಬೆಳಗಿನ ಬಿಸಿಲು ಪೂರ್ತಿ, ಬಿರುಬೇಸಿಗೆಯಲ್ಲಿ ಮಧ್ಯಾಹ್ನದ ನಂತರ ತುಸು ನೆರಳು ಸಿಕ್ಕರೆ ಅತ್ಯುತ್ತಮ. ಉಷ್ಣತೆ 16ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗಿದ್ದಾಗ ಗಿಡ ಖುಷಿಯಾಗಿರುತ್ತದೆ. 35 ದಾಟಿದ ದಿನಗಳಲ್ಲಿ ಮೊಗ್ಗು ಉದುರುವುದು ಸಾಮಾನ್ಯ. 10ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ.

ಎಚ್ಚರಿಕೆ: ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಗೇ ಉರಿಬಿಸಿಲಿಗೆ ತಂದಿಟ್ಟರೆ ಎಲೆಗಳ ಮೇಲೆ ಬೆಳ್ಳಗೆ ಸುಟ್ಟ ಮಚ್ಚೆ ಮೂಡುತ್ತವೆ. ಮೊದಲು ಒಂದೆರಡು ಗಂಟೆ, ಆಮೇಲೆ ದಿನದಿನಕ್ಕೆ ಹೆಚ್ಚಿಸುತ್ತ, ಒಂದೆರಡು ವಾರದಲ್ಲಿ ಪೂರ್ತಿ ಬಿಸಿಲಿಗೆ ಒಗ್ಗಿಸಿ. ಒಗ್ಗಿದ ಮೇಲೆ ಜಾಗ ಬದಲಿಸುತ್ತ ಹೋಗಬೇಡಿ.

ಇನ್ನೊಂದು ಮಾತು. ಬೆಂಡೆಯೂ ಹತ್ತಿಯೂ ದಾಸವಾಳದ ಕುಟುಂಬದವೇ. ಕೀಟಗಳಿಗೆ ಈ ನಂಟು ಚೆನ್ನಾಗಿ ಗೊತ್ತು. ಬೆಂಡೆ ಪಾತಿಯ ಪಕ್ಕದಲ್ಲಿ ದಾಸವಾಳ ಬೇಡ.

3. ಕುಂಡ ಮತ್ತು ಮಣ್ಣು

ಸಣ್ಣ ಸಸಿಗೆ 8–10 ಇಂಚಿನ ಕುಂಡ, ಬಲಿತ ಗಿಡಕ್ಕೆ 12–14 ಇಂಚಿನದು. ‘ಹೇಗೂ ದೊಡ್ಡದಾಗುತ್ತದಲ್ಲ’ ಎಂದು ಪುಟ್ಟ ಸಸಿಯನ್ನು ದೊಡ್ಡ ಕುಂಡದಲ್ಲಿ ನೆಡಬೇಡಿ. ಬೇರು ತಲುಪದ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಉಳಿದು ಬೇರು ಕೊಳೆಯುತ್ತದೆ.

ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು. ಮಣ್ಣು ಜಿಗುಟಾಗಿದ್ದರೆ ಮರಳನ್ನು ಇನ್ನಷ್ಟು ಹೆಚ್ಚಿಸಿ. ಹದ ನೋಡುವುದು ಸುಲಭ: ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ, ಕೈ ಬಿಚ್ಚಿ ಬೆರಳಿನಿಂದ ಮೆಲ್ಲಗೆ ತಟ್ಟಿ. ಉಂಡೆ ಕಟ್ಟಿ ಒಡನೆಯೇ ಉದುರಿದರೆ ಸರಿಯಾಗಿದೆ. ಹಾಗೇ ಗಟ್ಟಿಯಾಗಿ ಕೂತರೆ ಮರಳು ಸಾಲದು.

ಮಣ್ಣಿನ ರಸಸಾರ, ಅಂದರೆ ಹುಳಿಗುಣ ಮತ್ತು ಕ್ಷಾರಗುಣದ ಅಳತೆ, 6ರಿಂದ 6.8ರ ನಡುವೆ ಇರಬೇಕು: ತುಸು ಹುಳಿಯ ಕಡೆಗೆ. ಸುಣ್ಣ, ಬೂದಿ ಎರಚುವ ಅಭ್ಯಾಸ ದಾಸವಾಳಕ್ಕೆ ಹಿತವಲ್ಲ.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ಸಣ್ಣ ಕಣಗಳ ಮಣ್ಣು ಪೂರ್ತಿ ನೆನೆದು ಹೆಚ್ಚಾಗುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ; ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ ಅಷ್ಟೇ. ಮಣ್ಣು ಜಾರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಅಡ್ಡ ಇಟ್ಟರೆ ಸಾಕು.

4. ನೆಡುವುದು

ಸಂಜೆಯ ಹೊತ್ತು ಒಳ್ಳೆಯದು. ಸಸಿಗೆ ಒಂದು ಗಂಟೆ ಮೊದಲು ನೀರು ಹಾಕಿ, ಹೆಂಟೆ ಒಡೆಯದಂತೆ ಹೊರತೆಗೆಯಿರಿ. ಬೇರುಗಳು ಸುತ್ತಿಕೊಂಡು ಗಟ್ಟಿಯಾಗಿದ್ದರೆ ಬದಿಗಳನ್ನು ಬೆರಳಿನಿಂದ ಸಡಿಲಿಸಿ. ಮೊದಲಿದ್ದ ಮಟ್ಟಕ್ಕೇ ನೆಡಿ. ಕಾಂಡವನ್ನು ಆಳಕ್ಕೆ ಹೂತರೆ ಬುಡ ಕೊಳೆಯುತ್ತದೆ, ಕಸಿಗಂಟು ಮಣ್ಣಿನೊಳಗೆ ಹೋಗಲೇಬಾರದು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ 4–5 ಅಡಿ ಬಿಡಿ. ನೆಟ್ಟ ಮೊದಲ ವಾರ ಅರೆನೆರಳು ಇರಲಿ. ಮೊದಲ ತಿಂಗಳು ಹೊಸ ಗೊಬ್ಬರ ಏನೂ ಬೇಡ.

5. ನೀರು

ದಿನಕ್ಕೆ ಎಷ್ಟು ಸಲ ಎಂಬ ಪ್ರಶ್ನೆಗೆ ಗಡಿಯಾರ ನೋಡಿ ಹೇಳುವ ಉತ್ತರವಿಲ್ಲ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತುದಿಗೆ ತೇವ ತಗುಲಿದರೆ ನೀರು ಬೇಡ, ಒಣಗಿದ್ದರೆ ತಳದ ತೂತಿನಿಂದ ಹರಿದುಬರುವವರೆಗೆ ಹಾಕಿ. ದಿನವೂ ಒಂದು ಲೋಟ ಚಿಮುಕಿಸುವುದಕ್ಕಿಂತ, ಬೇಕಾದಾಗ ಬುಡ ತೋಯುವಂತೆ ಹಾಕುವುದು ಮೇಲು. ಚಿಮುಕಿಸಿದ ನೀರು ಮೇಲಿನ ಒಂದಿಂಚನ್ನು ಮಾತ್ರ ಒದ್ದೆ ಮಾಡಿ ಬೇರನ್ನು ಮೇಲಕ್ಕೇ ಎಳೆಯುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ.

ಹೆಚ್ಚಿನವರು ಎಡವುವುದು ಬಾಡಿದ ಗಿಡದ ಮುಂದೆ. ಎಲೆ ಜೋತುಬಿದ್ದದ್ದು ಕಂಡ ಕೂಡಲೇ ನೀರಿನ ಚೊಂಬು ಎತ್ತುತ್ತೇವೆ. ತಡೆಯಿರಿ. ಬೆರಳಿಗೆ ಮಣ್ಣು ಒಣಗಿದೆ ಎನಿಸಿದರೆ ಮಾತ್ರ ನೀರು. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು. ಆಗ ಹಾಕುವ ಪ್ರತಿ ಚೊಂಬೂ ಗಿಡವನ್ನು ಸಾವಿನ ಕಡೆಗೆ ನೂಕುತ್ತದೆ. ಗಿಡವನ್ನು ಕುಂಡದಿಂದ ಎತ್ತಿ ನೋಡಿ. ಆರೋಗ್ಯವಂತ ಬೇರು ಬೆಳ್ಳಗೆ ಅಥವಾ ನಸುಗಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿಕೊಂಡು ಒಳಗಿನ ನಾರು ಮಾತ್ರ ಉಳಿಯುತ್ತದೆ, ವಾಸನೆಯೂ ಕೆಟ್ಟದಾಗಿರುತ್ತದೆ. ಕೊಳೆತದ್ದನ್ನು ಕತ್ತರಿಸಿ, ಹೊಸ ಮಿಶ್ರಣದಲ್ಲಿ ಸಣ್ಣ ಕುಂಡಕ್ಕೆ ಹಾಕಿ, ಕೊಂಬೆಗಳನ್ನೂ ಸ್ವಲ್ಪ ತಗ್ಗಿಸಿ, ನೆರಳಿನಲ್ಲಿಡಿ. ಉಳಿಯುವುದು ಖಚಿತವಿಲ್ಲ, ಅವಕಾಶವಂತೂ ಇದೆ. ಉರಿಬಿಸಿಲಿನ ಮಧ್ಯಾಹ್ನ ಬಾಡಿ ಸಂಜೆಗೆ ತಾನಾಗಿ ಚೇತರಿಸಿಕೊಳ್ಳುವ ಗಿಡಕ್ಕೆ ರೋಗವೇನಿಲ್ಲ.

6. ಗೊಬ್ಬರ

ರಸಗೊಬ್ಬರದ ಚೀಲದ ಮೇಲೆ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಸಾರಜನಕ, ಎಲೆ ಮತ್ತು ಚಿಗುರಿಗೆ. ಎರಡನೆಯದು ರಂಜಕ. ಮೂರನೆಯದು ಪೊಟ್ಯಾಷ್, ಹೂವಿಗೂ ಗಿಡದ ಗಟ್ಟಿತನಕ್ಕೂ. ‘ಹೂವಿಗೆ ರಂಜಕ’ ಎಂಬ ಸೂತ್ರವನ್ನು ದಾಸವಾಳಕ್ಕೆ ಹಚ್ಚಬೇಡಿ. ರಂಜಕ ಹೆಚ್ಚಾದರೆ ಇದರ ಬೇರು ಕಬ್ಬಿಣವನ್ನು ಸರಿಯಾಗಿ ಹೀರಲಾರದೆ ಎಳೆಯ ಎಲೆ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಮೂಳೆ ಪುಡಿ, ಸೂಪರ್ ಫಾಸ್ಫೇಟ್, ಡಿಎಪಿ ದೂರವಿರಲಿ. ಮೂರೂ ಸಮನಾಗಿರುವ 19:19:19 ವಿಷವೇನಲ್ಲ, ಆದರೆ ಅದನ್ನೇ ನಿತ್ಯದ ಆಹಾರ ಮಾಡಬೇಡಿ.

ನನ್ನ ಸಲಹೆ ಸರಳ. ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬುಡದ ಮಣ್ಣಿಗೆ ಬೆರೆಸಿ. ಚಿಗುರು ಬರುವ ಕಾಲದಲ್ಲಿ 15 ದಿನಕ್ಕೊಮ್ಮೆ 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಲೀಟರ್ ನೀರಿಗೆ 1–2 ಗ್ರಾಂ ಕರಗಿಸಿ ಒದ್ದೆ ಮಣ್ಣಿಗೆ ಹಾಕಿ. ಒಣ ಮಣ್ಣಿಗೆ ರಸಗೊಬ್ಬರ ಬಿದ್ದರೆ ಬೇರು ಸುಡುತ್ತದೆ. ಚಳಿಗೆ ಬೆಳವಣಿಗೆ ನಿಂತಾಗ ಗೊಬ್ಬರವೂ ನಿಲ್ಲಲಿ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪೊರೆ ಕಂಡರೆ ಗೊಬ್ಬರ ಹೆಚ್ಚಾಗಿದೆ: ಎರಡು ಮೂರು ಸಲ ಧಾರಾಳವಾಗಿ ನೀರು ಹರಿಸಿ ತೊಳೆಯಿರಿ.

ಬಾಳೆಹಣ್ಣಿನ ಸಿಪ್ಪೆ, ಚಹಾಪುಡಿ, ಈರುಳ್ಳಿ ಸಿಪ್ಪೆಯ ನೀರಿನ ಬಗ್ಗೆ ಕೇಳುವವರು ಬಹಳ. ಇವನ್ನೆಲ್ಲ ಕಾಂಪೋಸ್ಟ್ ಗುಂಡಿಗೆ ಹಾಕಿ, ಕಳಿತ ಮೇಲೆ ತನ್ನಿ. ಸಕ್ಕರೆ ಬೆರೆತ ಚಹಾಚರಟ ನೇರ ಬುಡಕ್ಕೆ ಬಿದ್ದರೆ ಮೊದಲು ಬರುವುದು ಇರುವೆ. ಇರುವೆಯ ಹಿಂದೆ ಏನು ಬರುತ್ತದೆಂಬುದು 8ನೇ ಹಂತದಲ್ಲಿದೆ.

7. ಸವರುವುದು

ಹೊಸ ಚಿಗುರಿಗೆ ಹೂ ಎಂದ ಮೇಲೆ ಕತ್ತರಿಯೇ ಮುಖ್ಯ ಉಪಕರಣ. ಆದರೂ ಕೊಂಬೆ ಕತ್ತರಿಸಲು ಮನಸ್ಸು ಬಾರದ ಕಾರಣ ಎಷ್ಟೋ ಗಿಡಗಳು ಬುಡ ಬೋಳಾಗಿ, ತುದಿಯಲ್ಲಿ ನಾಲ್ಕು ಎಲೆ ಹೊತ್ತು ನಿಂತಿರುತ್ತವೆ. ಒಂದು ಕೊಂಬೆ ಕತ್ತರಿಸಿದರೆ ಕೆಳಗಿನ ಗೆಣ್ಣುಗಳಿಂದ ಎರಡು ಮೂರು ಹೊರಡುತ್ತವೆ. ಹೂ ಬಿಡುವ ತುದಿಗಳೂ ಅಷ್ಟೇ ಹೆಚ್ಚುತ್ತವೆ.

ಯಾವಾಗ? ಚಳಿ ಕಳೆದು ಬೆಳವಣಿಗೆ ಶುರುವಾಗುವ ಹೊತ್ತಿಗೆ. ಚಳಿಯೇ ಇಲ್ಲದ ಕಡೆ, ಹೂವಿನ ಭರಾಟೆ ಇಳಿದಾಗ. ಕಡುಚಳಿಯ ಮುಂಚೆ ಕತ್ತರಿಸಿದರೆ ಎಳೆ ಚಿಗುರು ಸಾಯುತ್ತದೆ.

ಹೇಗೆ? ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಮೊದಲು ತೆಗೆಯಿರಿ. ಆಮೇಲೆ ಉದ್ದ ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ತಗ್ಗಿಸಿ. ಗಿಡದ ಹೊರಮುಖಕ್ಕಿರುವ ಗೆಣ್ಣನ್ನು ಆರಿಸಿ, ಅದರಿಂದ ಅರ್ಧ ಸೆಂಟಿಮೀಟರ್ ಮೇಲೆ ಓರೆಯಾಗಿ ಕತ್ತರಿಸಿ. ಹೊಸ ಕೊಂಬೆ ಆ ಗೆಣ್ಣು ನೋಡುತ್ತಿರುವ ದಿಕ್ಕಿಗೇ ಬೆಳೆಯುತ್ತದೆ. ಹೀಗೆ ಮಾಡಿದರೆ ಗಿಡದ ನಡುವೆ ಗಾಳಿ ಬೆಳಕು ಆಡುತ್ತದೆ. ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಂಡೇ ಗಿಡ ಮುಟ್ಟಿ.

ಸವರಿದ ಮೇಲೆ ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು ಹೂವಿಗಾಗಿ ಕಾಯಬೇಕು. ಆ ಬೋಳು ಕಾಲ ಸಹಿಸಲಾಗದವರು ಒಂದು ತಿಂಗಳಲ್ಲಿ ಮೂರನೇ ಒಂದರಷ್ಟು ಕೊಂಬೆ, ಮುಂದಿನ ತಿಂಗಳು ಇನ್ನಷ್ಟು ಎಂದು ಸರದಿಯಲ್ಲಿ ಕತ್ತರಿಸಿ. ನಾಲ್ಕೈದು ಇಂಚು ಬೆಳೆದ ಹೊಸ ಚಿಗುರಿನ ಕುಡಿಯನ್ನು ಒಮ್ಮೆ ಚಿವುಟಿದರೆ ಗಿಡ ಇನ್ನೂ ಪೊದೆಯಾಗುತ್ತದೆ. ಹಾಗೆಂದು ಚಿವುಟುತ್ತಲೇ ಇದ್ದರೆ ಹೂ ಬರುವುದೆಲ್ಲಿಂದ? ಬೇಲಿಯಂತೆ ತಿಂಗಳು ತಿಂಗಳೂ ಸಮತಟ್ಟಾಗಿ ಕತ್ತರಿಸುವ ಗಿಡಗಳಲ್ಲಿ ಹೂ ಕಡಿಮೆ ಇರುವುದಕ್ಕೆ ಇದೇ ಕಾರಣ.

8. ಕೀಟಗಳು

ಬಿಳಿ ಹತ್ತಿ ಮೆತ್ತಿದಂತೆ ಚಿಗುರಿನ ತುದಿಯಲ್ಲಿ ಕೂರುವುದು ಹಿಟ್ಟು ತಿಗಣೆ. ರಸ ಹೀರಿ ಚಿಗುರನ್ನು ಮುರುಟಿಸುತ್ತದೆ, ಸಿಹಿಯಾದ ಅಂಟು ದ್ರವ ಸ್ರವಿಸುತ್ತದೆ. ಆ ಸಿಹಿಗಾಗಿ ಇರುವೆಗಳು ತಿಗಣೆಯನ್ನು ಶತ್ರುಗಳಿಂದ ಕಾಯುತ್ತವೆ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದೂ ಉಂಟು. ಗಿಡದ ಮೇಲೆ ಇರುವೆಯ ಸಾಲು ಕಂಡರೆ ಅದು ಹೋಗುತ್ತಿರುವ ಕಡೆ ನೋಡಿ, ತಿಗಣೆಯೋ ಸಸ್ಯಹೇನೋ ಸಿಗುತ್ತದೆ. ಎಲೆಯ ಮೇಲಿನ ಕಪ್ಪು ಮಸಿ ಆ ಅಂಟಿನ ಮೇಲೆ ಬೆಳೆದ ಬೂಷ್ಟು. ಕೀಟ ಹೋದರೆ ಅದೂ ಹೋಗುತ್ತದೆ.

ಮೊದಲ ಮದ್ದು ರಭಸದ ನೀರು. ಎಲೆಯ ಅಡಿಗೆ, ತುದಿಗೆ ಗುರಿಯಿಟ್ಟು ಎರಡು ದಿನಕ್ಕೊಮ್ಮೆ ಹೊಡೆಯಿರಿ. ಪೂರ್ತಿ ಮುರುಟಿದ ತುದಿಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಬಿಸಾಡಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ದ್ರವ ಸಾಬೂನು ಬೆರೆಸಿ ವಾರಕ್ಕೊಮ್ಮೆ, ಮೂರು ನಾಲ್ಕು ವಾರ ಸಿಂಪಡಿಸಿ. ಬಿಸಿಲಿನಲ್ಲಿ ಎಣ್ಣೆ ಎಲೆ ಸುಡುತ್ತದೆ, ಹಾಗಾಗಿ ಸಂಜೆಯೇ ಸರಿ; ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾದು ನೋಡಿ. ಕಡು ಕೀಟನಾಶಕಗಳಿಗೆ ನಾನು ಒಲವು ತೋರುವುದಿಲ್ಲ: ಕೆಲವಕ್ಕೆ ದಾಸವಾಳ ಎಲೆಯನ್ನೇ ಉದುರಿಸುತ್ತದೆ, ಜೊತೆಗೆ ತಿಗಣೆ ತಿನ್ನುವ ಗುಲಗಂಜಿ ಹುಳುಗಳೂ ಸಾಯುತ್ತವೆ.

ಒಣ ಸೆಕೆಯ ದಿನಗಳಲ್ಲಿ ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಹಳದಿ ಚುಕ್ಕಿ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಜೇಡನುಸಿ. ಎಲೆಯ ಅಡಿಗೆ ನೀರು ಹೊಡೆಯುವುದೇ ಇದಕ್ಕೂ ಮದ್ದು.

9. ಮೊಗ್ಗು ಉದುರಿದರೆ

ಊಹೆ ಮಾಡಬೇಡಿ, ಉದುರಿದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ದಳಗಳ ನಡುವೆ ಬೆಳ್ಳಗಿನ ಅಥವಾ ಹಳದಿ ಬಣ್ಣದ, ಎರಡು ಮಿಲಿಮೀಟರ್‌ನಷ್ಟು ಸಣ್ಣ ಹುಳುಗಳು ಮಿಸುಕಾಡುತ್ತಿದ್ದರೆ ಅದು ಮೊಗ್ಗುನೊಣದ ಮರಿ. ತಾಯಿ ನೊಣ ಎಳೆ ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗೇ ತಿಂದು, ಮೊಗ್ಗು ನೆಲಕ್ಕೆ ಬಿದ್ದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಹೊರಗಿನಿಂದ ಹೊಡೆದ ಔಷಧ ಒಳಗಿನ ಮರಿಗೆ ತಾಗುವುದಿಲ್ಲ. ಬಿದ್ದ ಮೊಗ್ಗುಗಳನ್ನೂ ಗಿಡದಲ್ಲೇ ಹಳದಿಯಾದವನ್ನೂ ದಿನವೂ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟಿಗೆ ಖಂಡಿತ ಬೇಡ. ಕೆಲವು ವಾರ ತಪ್ಪದೆ ಮಾಡಿದರೆ ಸರಪಳಿ ತುಂಡಾಗುತ್ತದೆ.

ಒಳಗೆ ಹುಳುವಿಲ್ಲವೇ? ಹಾಗಾದರೆ ಹಿಂದಿನ ವಾರವನ್ನು ನೆನಪಿಸಿಕೊಳ್ಳಿ: ಒಂದು ದಿನ ಮಣ್ಣು ಪೂರ್ತಿ ಒಣಗಿತ್ತೇ, ಕುಂಡದ ಜಾಗ ಬದಲಾಯಿತೇ, ಬಿಸಿಲು ಏಕಾಏಕಿ ಏರಿತೇ, ಗೊಬ್ಬರ ಹೆಚ್ಚಾಯಿತೇ. ಇವುಗಳಲ್ಲಿ ಒಂದು ಸಾಕು. ಮುದ್ದೆ ದಾಸವಾಳ, ಅಂದರೆ ಸುತ್ತು ದಳಗಳ ತಳಿಗಳು, ಐದೆಸಳಿನವಕ್ಕಿಂತ ಬೇಗ ಮೊಗ್ಗು ಉದುರಿಸುತ್ತವೆ. ಹೊಸಬರು ಐದೆಸಳಿನ ಕೆಂಪು ದಾಸವಾಳದಿಂದ ಆರಂಭಿಸಿದರೆ ನಿರಾಶೆ ಕಡಿಮೆ.

10. ಹಳದಿ ಎಲೆ

ಎಲ್ಲಿನ ಎಲೆ ಎಂಬುದೇ ಮುಖ್ಯ. ಬುಡದ ಹಳೆಯ ಎಲೆ ಆಗಾಗ ಒಂದೆರಡು ಹಳದಿಯಾಗಿ ಬೀಳುವುದು ಸಹಜ. ತುದಿಯ ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆ: ಗಡಸು ನೀರು, ಕ್ಷಾರ ಮಣ್ಣು ಅಥವಾ ಹೆಚ್ಚಾದ ರಂಜಕ ಕಾರಣ. ಸಸ್ಯ ಸುಲಭವಾಗಿ ಹೀರುವಂತೆ ತಯಾರಿಸಿದ ಕೀಲೇಟೆಡ್ ಕಬ್ಬಿಣವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಕೊಡಿ, ಸಾಧ್ಯವಾದರೆ ಮಳೆನೀರು ಹಾಕಿ. ಇದೇ ಲಕ್ಷಣ ಕೆಳಗಿನ ಎಲೆಗಳಲ್ಲಿದ್ದರೆ ಮೆಗ್ನೀಸಿಯಂ ಕೊರತೆ. ಎಪ್ಸಮ್ ಲವಣ ಒಂದು ಚಮಚ, ಒಂದು ಲೀಟರ್ ನೀರು, ತಿಂಗಳಿಗೊಮ್ಮೆ. ಗಿಡವಿಡೀ ಒಮ್ಮೆಲೇ ಹಳದಿಯಾದರೆ 5ನೇ ಹಂತಕ್ಕೆ ಮರಳಿ ಬೇರು ನೋಡಿ.

11. ಕಡ್ಡಿಯಿಂದ ಹೊಸ ಗಿಡ

ಸವರಿದ ಕೊಂಬೆ ಬಿಸಾಡಬೇಡಿ. ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ, ಪೂರ್ತಿ ಕಂದೂ ಆಗದ ಅರೆಬಲಿತ ಕಡ್ಡಿ ಆರಿಸಿ. 10–15 ಸೆಂಟಿಮೀಟರ್ ಉದ್ದ, ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದನ್ನು ತೆಗೆದು, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ, ಮೊಗ್ಗಿದ್ದರೆ ಚಿವುಟಿ. ಮರಳು ಮತ್ತು ತೆಂಗಿನ ನಾರಿನ ಪುಡಿಯ ಸಮಪಾಲು ಮಿಶ್ರಣದಲ್ಲಿ ಎರಡು ಗೆಣ್ಣು ಮುಚ್ಚುವಂತೆ ನೆಟ್ಟು, ನೆರಳಿನಲ್ಲಿ ತೇವ ಕಾಪಾಡಿ. ಮೇಲೊಂದು ಪಾರದರ್ಶಕ ಚೀಲ ಮುಚ್ಚಿದರೆ ತೇವ ನಿಲ್ಲುತ್ತದೆ.

ಬೇರು ಬರಲು ಸಾಮಾನ್ಯವಾಗಿ 4–6 ವಾರ, ಕೆಲವು ಮಿಶ್ರತಳಿಗಳಿಗೆ ಇನ್ನೂ ಹೆಚ್ಚು. ಎರಡನೇ ವಾರಕ್ಕೇ ಚಿಗುರು ಕಂಡರೆ ಹಿಗ್ಗಬೇಡಿ: ಕಡ್ಡಿ ತನ್ನೊಳಗಿನ ದಾಸ್ತಾನಿನಿಂದಲೇ ಚಿಗುರುತ್ತದೆ, ಬೇರಿಲ್ಲದಿದ್ದರೆ ಆ ಚಿಗುರು ಒಣಗುತ್ತದೆ. ನಾಲ್ಕನೇ ವಾರದ ನಂತರ ಕಡ್ಡಿಯನ್ನು ಮೆಲ್ಲಗೆ ಎಳೆದು ನೋಡಿ. ಮಣ್ಣು ಹಿಡಿದು ನಿಂತರೆ ಬೇರು ಬಂದಿದೆ. ಸಲೀಸಾಗಿ ಮೇಲೆ ಬಂದರೆ ಮತ್ತೆ ಒಳಗಿಟ್ಟು ಕಾಯಿರಿ. ಬೇರು ಬಂದ ಸಸಿಯನ್ನು 4–5 ಇಂಚಿನ ಕುಂಡಕ್ಕೆ ಬದಲಿಸಿ, ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ. ಅಂಗೈಯಗಲದ ಗಿಡದಲ್ಲಿ ಮೊಗ್ಗು ಮೂಡುವುದುಂಟು. ಮೊದಲ ಎರಡು ಮೂರು ಮೊಗ್ಗುಗಳನ್ನು ಚಿವುಟಿಬಿಡಿ, ಬೇರು ಕುಂಡ ತುಂಬಲಿ.